ಅಪ್ಪನ ಮೊಣಕಾಲು, ಅಮ್ಮನ ತಲೆಸುತ್ತು, ತಮ್ಮನ ಕೆಂಪು ಕಾರು: ತುಮಕೂರಿನ ಒಂದು ಪ್ರಕರಣ

2025ರ ಫೆಬ್ರವರಿಯಲ್ಲಿ ನನ್ನ ತಮ್ಮ ಸೆಕೆಂಡ್ ಹ್ಯಾಂಡ್ ಕಾರು ಕೊಂಡ. ಅವನ ಮನಸ್ಸಿನಲ್ಲಿ ಇದ್ದದ್ದು ಕೆಂಪು ಬಣ್ಣದ ಸ್ಕೋಡಾ ರ‍್ಯಾಪಿಡ್. ಮನೆಗೆ ಬಂದದ್ದು ಬಿಳಿ ಮಾರುತಿ ಸಿಯಾಜ್. ಕೇಳಿದವರೆಲ್ಲ "ಪಾಪ, ಮನೆಯವರಿಗೋಸ್ಕರ ಬಿಟ್ಟುಕೊಟ್ಟ" ಅನ್ನುತ್ತಾರೆ. ನಡೆದದ್ದು ಹಾಗಲ್ಲ. ದೊಡ್ಡ ಕಾರು ಅಂದ್ರೆ ಆರಾಮ ಅಂತ ನಾವೂ ನಂಬಿಕೊಂಡೇ ಹೊರಟವರು. ಎರಡು ಭಾನುವಾರ ಓಡಿಸಿ ನೋಡಿದ ಮೇಲೆ ಆ ನಂಬಿಕೆ ಅರ್ಧ ಬಿದ್ದುಹೋಯಿತು. ಆದರೂ ದೊಡ್ಡದನ್ನೇ ಕೊಂಡೆವು. ಅದು ಹೇಗೆ ಅನ್ನೋದೇ ಈ ಬರಹ.

ನಾನು ಕಾರಿನ ಹುಚ್ಚಿನವನಲ್ಲ. ಸ್ಕೂಟರಿನವನು. ಈ ವ್ಯವಹಾರದಲ್ಲಿ ನನ್ನ ಕೆಲಸ ಇದ್ದದ್ದು ಒಂದು ಅಳತೆ ಟೇಪು, ಒಂದು ನೋಟ್‌ಬುಕ್ಕು, ಹಿಂದಿನ ಸೀಟು.

ಮನೆ ಮತ್ತು ರಸ್ತೆ

ತಮ್ಮನ ಮನೆ ತುಮಕೂರಿನ ಹಳೇ ಬಡಾವಣೆಯಲ್ಲಿದೆ. ಕೆಲಸ ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದಲ್ಲಿ. ಹೋಗಿ ಬರಲು ಸುಮಾರು 45 ಕಿಲೋಮೀಟರ್, ಎಲ್ಲ ಹೆದ್ದಾರಿ. ಸರ್ವೀಸ್ ರಸ್ತೆಯ ಲಾರಿಗಳ ಮಧ್ಯೆ ನುಗ್ಗಿ ಹೋಗಲು ಒಂದು ಕಡೆಗೆ ನಲವತ್ತು ನಿಮಿಷ ಬೇಕು. ಆ ಹೊತ್ತೆಲ್ಲ ಕಾರಿನಲ್ಲಿ ಅವನೊಬ್ಬನೇ.

ತಿಂಗಳಿಗೆ ಎರಡು ಸಲ ಇಡೀ ಮನೆ ಊರಿಗೆ ಹೋಗುತ್ತದೆ. ಗುಬ್ಬಿ ದಾಟಿ, ನಿಟ್ಟೂರಿನಿಂದ ಒಳಕ್ಕೆ. ಅಲ್ಲಿ ತೆಂಗಿನ ತೋಟ ಇದೆ. ಹೋಗುವಾಗ ಡಿಕ್ಕಿ ಖಾಲಿ, ಬರುವಾಗ ಭರ್ತಿ. ತಿಂಗಳಿಗೊಮ್ಮೆ ಅಪ್ಪನ ಚೆಕಪ್ಪಿಗೆ ಬೆಂಗಳೂರು, 70 ಕಿಲೋಮೀಟರ್.

ಅಪ್ಪನ ಎಡ ಮೊಣಕಾಲಿಗೆ ಆಪರೇಷನ್ ಆಗಿದೆ. ಅರ್ಧ ಗಂಟೆಗಿಂತ ಜಾಸ್ತಿ ಮಡಿಸಿ ಕೂರಲು ಆಗಲ್ಲ, ನೀಟಾಗಿ ಚಾಚಬೇಕು. ಅಮ್ಮನಿಗೆ ತಿರುವಿನ ರಸ್ತೆ ಕಂಡರೆ ತಲೆಸುತ್ತು, ವಾಂತಿ. ತಮ್ಮ ಆರಡಿ ಎತ್ತರ. ಅವನ ಹೆಂಡತಿ, ಏಳು ವರ್ಷದ ಮಗಳು. ಇಷ್ಟು ಜನ.

ಬಜೆಟ್ಟು ಎಂಟೂವರೆ ಲಕ್ಷ. ಆ ದುಡ್ಡಿಗೆ ಹೊಸ ಡಿಜೈರ್ ಬರುತ್ತಿತ್ತು, ಕ್ರ್ಯಾಶ್ ಪರೀಕ್ಷೆಯಲ್ಲಿ 5 ಸ್ಟಾರ್ ಬಂದ ಕಾರು. ಅದನ್ನು ಬೇಗ ಕೈಬಿಟ್ಟೆವು. ನಮ್ಮ ದೇಶದಲ್ಲಿ ಕಾರಿನ ಉದ್ದ 4 ಮೀಟರ್ ಒಳಗಿದ್ದು ಪೆಟ್ರೋಲ್ ಎಂಜಿನ್ 1200 ಸಿಸಿ ಮೀರದಿದ್ದರೆ ತೆರಿಗೆ ಕಡಿಮೆ. ಅದಕ್ಕೇ ಡಿಜೈರ್ ಉದ್ದ ಸರಿಯಾಗಿ 3995 ಮಿಲಿಮೀಟರ್. ತೆರಿಗೆ ಗೆರೆಗೆ ಹೊಂದುವ ಹಾಗೆ ಹಿಂದೆ ಕತ್ತರಿಸಿದ ಡಿಕ್ಕಿ. ನಮ್ಮ ತೆಂಗಿನಕಾಯಿ ಮೂಟೆಗೆ ಅದು ಸಾಲದು, ಅಷ್ಟೇ.

ಉಳಿದದ್ದು ಎರಡು. ಎರಡೂ 2021ರ ಮಾಡೆಲ್, ಎರಡೂ ಪೆಟ್ರೋಲ್, ಎರಡಕ್ಕೂ ಗೇರು ಕೈಯಲ್ಲೇ ಹಾಕಬೇಕು. ಬೆಲೆ ಎಂಟು ಲಕ್ಷದ ಆಸುಪಾಸು. ರ‍್ಯಾಪಿಡ್ ಒಬ್ಬ ಡೀಲರ್ ಹತ್ತಿರ ಇತ್ತು, ಮಾಂಟೆ ಕಾರ್ಲೊ ಅನ್ನುವ ಸ್ಪೋರ್ಟಿ ಮಾಡೆಲ್. ಕಪ್ಪು ಚಾವಣಿ, 16 ಇಂಚಿನ ಅಲಾಯ್ ಚಕ್ರ. ಸಿಯಾಜ್ ಶೆಟ್ಟಿಹಳ್ಳಿಯ ಒಬ್ಬ ರಿಟೈರ್ಡ್ ಮೇಷ್ಟ್ರದ್ದು. ಸೀಟಿನ ಪ್ಲಾಸ್ಟಿಕ್ ಕವರನ್ನು ನಾಲ್ಕು ವರ್ಷದಿಂದ ತೆಗೆದಿರಲಿಲ್ಲ. ಇದಕ್ಕಿಂತ ಒಳ್ಳೆ ಸರ್ವೀಸ್ ರೆಕಾರ್ಡ್ ಬೇಕಾ?

ಕಾಗದದ ಲೆಕ್ಕ

ಮೊದಲ ವಾರ ಊಟದ ಮೇಜಿನ ಮೇಲೇ ಕಳೆಯಿತು. ತಮ್ಮನ ವಾದ ಎಂಜಿನ್ ಮೇಲೆ. ರ‍್ಯಾಪಿಡ್‌ನಲ್ಲಿ ಇರೋದು 1 ಲೀಟರ್, ಮೂರು ಸಿಲಿಂಡರಿನ ಟರ್ಬೊ. 110 ಪಿಎಸ್ ಶಕ್ತಿ. ಸಿಯಾಜ್‌ನಲ್ಲಿ 1.5 ಲೀಟರ್, ನಾಲ್ಕು ಸಿಲಿಂಡರ್, 105 ಪಿಎಸ್. ನೋಡಿದರೆ ಹತ್ತಿರ ಹತ್ತಿರ ಒಂದೇ. ಆಟ ಇರೋದು ಎಳೆತದಲ್ಲಿ. ರ‍್ಯಾಪಿಡ್‌ಗೆ 175 ನ್ಯೂಟನ್ ಮೀಟರ್, ಅದೂ 1750 ಆರ್‌ಪಿಎಮ್‌ನಿಂದಲೇ (ಆರ್‌ಪಿಎಮ್ ಅಂದ್ರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಪೂರ್ತಿ ಸಿಗುತ್ತದೆ. ಸಿಯಾಜ್‌ಗೆ 138, ಅದು ಸಿಗಬೇಕಾದರೆ 4400ಕ್ಕೆ ಏರಿಸಬೇಕು. ಅಂದ್ರೆ ಒಂದು ಮೆಲ್ಲಗೆ ಒತ್ತಿದರೂ ಮುಂದಕ್ಕೆ ಹಾರುತ್ತದೆ, ಇನ್ನೊಂದನ್ನು ಗೇರ್ ಇಳಿಸಿ ಕೂಗಿಸಬೇಕು.

"ದಿನಾ ಒಂದು ಗಂಟೆ ಇಪ್ಪತ್ತು ನಿಮಿಷ ನಾನೊಬ್ಬನೇ ಇದರಲ್ಲಿ ಕೂರೋದು. ತಿಂಗಳಿಗೆ ಮೂವತ್ತಮೂರು ಗಂಟೆ. ನೀವೆಲ್ಲ ಕೂರೋದು ಹತ್ತು ಗಂಟೆ" ಅಂದ ತಮ್ಮ.

ಅವನ ಹೆಂಡತಿ ಸೊಪ್ಪು ಬಿಡಿಸುತ್ತಾ ಇದ್ದಳು. ತಲೆ ಎತ್ತದೆ ಹೇಳಿದಳು. "ಮೂವತ್ತಮೂರು ಗಂಟೆ ಒಬ್ಬರು. ಹತ್ತು ಗಂಟೆ ನಾಲ್ಕು ಜನ. ಈಗ ಗುಣಿಸಿ."

ನಲವತ್ತು. ತಮ್ಮ ಸುಮ್ಮನಾದ. ನಾನು ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕಾರು ಕೊಳ್ಳುವ ವಿಷಯದಲ್ಲಿ ಇಷ್ಟು ನೇರ ಲೆಕ್ಕ ನಾನು ಬೇರೆಲ್ಲೂ ಕೇಳಿಲ್ಲ.

ಮೈಲೇಜಿನ ಜಗಳ ಹೆಚ್ಚು ಹೊತ್ತು ನಡೆಯಲಿಲ್ಲ. ಕಂಪನಿಗಳು ಕೊಡುವ, ವಾಹನ ಪರೀಕ್ಷಿಸುವ ಸಂಸ್ಥೆ ಎಆರ್‌ಎಐ ಲೆಕ್ಕದಲ್ಲಿ ಸಿಯಾಜ್‌ಗೆ ಲೀಟರಿಗೆ 20.65, ರ‍್ಯಾಪಿಡ್‌ಗೆ 18.97. ತಿಂಗಳಿಗೆ 1300 ಕಿಲೋಮೀಟರ್ ಅಂದರೂ ವ್ಯತ್ಯಾಸ ಆರು ಲೀಟರ್ ಒಳಗೆ. ಅದಕ್ಕೋಸ್ಕರ ಇಷ್ಟವಿಲ್ಲದ ಕಾರು ಯಾಕೆ ಕೊಳ್ಳಬೇಕು?

ನಮ್ಮ ಬೀದಿಯ ಮೆಕ್ಯಾನಿಕ್ ಮಾತ್ರ ಇನ್ನೊಂದು ವಿಷಯ ನೆನಪಿಸಿದ. ಟರ್ಬೊ ಎಂಜಿನ್‌ಗೆ ಟೈಮಿಂಗ್ ಬೆಲ್ಟ್, ಸಿಯಾಜ್ ಎಂಜಿನ್‌ಗೆ ಚೈನು. ಎಂಜಿನ್ನಿನ ಒಳಭಾಗಗಳನ್ನು ತಾಳ ತಪ್ಪದೆ ತಿರುಗಿಸುವುದು ಇದೇ. ಬೆಲ್ಟು ಒಂದಲ್ಲ ಒಂದು ದಿನ ಬದಲಿಸಬೇಕು. ಐದು ವರ್ಷ ಇಟ್ಟುಕೊಳ್ಳುವ ಆಸೆ ಇದ್ದರೆ ಆ ಖರ್ಚು ನಿಮ್ಮದೇ ಅಂದ.

ಆಮೇಲೆ ಪೋರ್ಟಿಕೊ. ತಮ್ಮನ ಮನೆಯ ಪೋರ್ಟಿಕೊ ಗೋಡೆಯಿಂದ ಗೇಟಿಗೆ ಹದಿನೈದು ಅಡಿ, ಅಂದ್ರೆ 4572 ಮಿಲಿಮೀಟರ್. ರ‍್ಯಾಪಿಡ್ ಉದ್ದ 4413, ಸಿಯಾಜ್ 4490. ಒಂದಕ್ಕೆ ಆರು ಇಂಚು ಉಳಿಯುತ್ತದೆ, ಇನ್ನೊಂದಕ್ಕೆ ಮೂರು. ಇಲ್ಲಿ ನನಗೊಂದು ಸೋಜಿಗ ಕಂಡಿತು. 'ದೊಡ್ಡ ಕಾರು' ಅಂತ ನಾವು ಕರೆಯುತ್ತಿದ್ದದ್ದು ಹೊರಗಿನಿಂದ ಬರೀ ಮೂರು ಇಂಚು ಉದ್ದ. ಆದರೆ ವೀಲ್‌ಬೇಸ್, ಅಂದ್ರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಇರುವ ದೂರ, ರ‍್ಯಾಪಿಡ್‌ನಲ್ಲಿ 2552, ಸಿಯಾಜ್‌ನಲ್ಲಿ 2650. ಇಲ್ಲಿ ವ್ಯತ್ಯಾಸ ಸುಮಾರು ನಾಲ್ಕು ಇಂಚು. ಹೊರಗೆ ಬೆಳೆದದ್ದಕ್ಕಿಂತ ಒಳಗೆ ಬೆಳೆದದ್ದೇ ಜಾಸ್ತಿ.

ಮೊದಲ ಭಾನುವಾರ

ತಮ್ಮ ಒಬ್ಬನೇ ಹೋಗಿ ಎರಡನ್ನೂ ಆಗಲೇ ಓಡಿಸಿ ಬಂದಿದ್ದ. ಮುಖ ನೋಡಿದರೇ ಗೊತ್ತಾಗುತ್ತಿತ್ತು ಯಾವುದು ಅಂತ. ನಾನು ಒಂದು ಷರತ್ತು ಹಾಕಿದೆ. ಇಬ್ಬರು ಸೀಟಿನಲ್ಲಿ ಕೂತು ಬೈಪಾಸಿನಲ್ಲಿ ಐದು ಕಿಲೋಮೀಟರ್ ಹೋಗಿ ಬರೋದು ಪರೀಕ್ಷೆ ಅಲ್ಲ. ಐದು ಜನ ಕೂರಬೇಕು, ಒಂದೇ ದಾರಿ, ಎರಡೂ ಕಾರು. ಡೀಲರ್ ಇಪ್ಪತ್ತು ಸಾವಿರ ಮುಂಗಡ ಇಟ್ಟುಕೊಂಡು ಅರ್ಧ ದಿನಕ್ಕೆ ಕೀ ಕೊಟ್ಟ. ಮೇಷ್ಟ್ರು ಸುಮ್ನೆ ಕೊಟ್ಟರು, ಜೊತೆಗೆ ಕಾಫಿ.

ದಾರಿ: ದೇವರಾಯನದುರ್ಗ. ತುಮಕೂರಿನಿಂದ ಹದಿನೈದು ಕಿಲೋಮೀಟರ್. ಮೊದಲು ನೇರ ರಸ್ತೆ, ಆಮೇಲೆ ಕಾಡು, ಆಮೇಲೆ ಯೋಗಾನರಸಿಂಹನ ಬೆಟ್ಟದ ತಿರುವುಗಳು. ಮಗುವನ್ನು ನನ್ನ ಹೆಂಡತಿ ಹತ್ತಿರ ಬಿಟ್ಟು, ಮಗುವಿನ ಜಾಗದಲ್ಲಿ ನಾನು ಕೂತೆ.

ಬೆಳಗ್ಗೆ ಮೊದಲು ರ‍್ಯಾಪಿಡ್. ಅಪ್ಪ ಮುಂದೆ. ಅದರಲ್ಲಿ ಮಾತೇ ಇಲ್ಲ. ನಮ್ಮ ಮನೆಯಲ್ಲಿ ಮುಂದಿನ ಎಡ ಸೀಟು ಅಪ್ಪನ ಸಿಂಹಾಸನ. ಮೊಣಕಾಲು ಚಾಚಲು ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದರು. ತಮ್ಮನೂ ಆರಡಿ ಮನುಷ್ಯ, ಅವನ ಸೀಟೂ ಹಿಂದಕ್ಕೆ. ಅಪ್ಪನ ಹಿಂದೆ ಕೂತ ಅಮ್ಮನ ಮಂಡಿಗೂ ಸೀಟಿಗೂ ನಡುವೆ ಎರಡು ಬೆರಳು ಜಾಗ. ನಾನು ನಡುವೆ, ಕಾಲನ್ನು ಗಂಟುಮೂಟೆ ಹಾಗೆ ಒತ್ತಿಕೊಂಡು.

ನಗರ ದಾಟುವಷ್ಟರಲ್ಲಿ ಸೊಂಟ ಮಾತಾಡತೊಡಗಿತು. ಪ್ರತಿ ಗುಂಡಿಗೂ ದಡ್ ಅಂತ ಪೆಟ್ಟು. ಸ್ಪೋರ್ಟಿ ಕಾರು ಅಂದ್ರೆ ಇದೇ ಇರಬೇಕು ಅಂದುಕೊಂಡೆ. ಆದರೂ ಅನುಮಾನ ಬಂತು. ಬಂಕಿನಲ್ಲಿ ನಿಲ್ಲಿಸಿ ಗಾಳಿ ನೋಡಿಸಿದರೆ ನಾಲ್ಕೂ ಟೈರಿನಲ್ಲಿ 40! ಡೀಲರ್ ಹುಡುಗರು ಕಾರು ನಿಂತಲ್ಲೇ ಇರುತ್ತದೆ ಅಂತ ಬಿಗಿಯಾಗಿ ತುಂಬಿಸಿದ್ದರು. ಪೆಟ್ರೋಲ್ ಮುಚ್ಚಳದ ಒಳಗೆ ಎಷ್ಟು ಹಾಕಬೇಕು ಅಂತ ಸ್ಟಿಕ್ಕರ್ ಇದೆ. ಅಷ್ಟಕ್ಕೆ ಇಳಿಸಿದೆವು. ಪೆಟ್ಟು ಅರ್ಧಕ್ಕರ್ಧ ಕಡಿಮೆ ಆಯಿತು. ಅಲ್ಲೇ ಬಗ್ಗಿ ಟೈರಿನ ಪಕ್ಕ ಒತ್ತಿದ್ದ ನಾಲ್ಕು ಅಂಕಿಯನ್ನೂ ಓದಿದೆ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ನಾಲ್ಕೂ 2021ರವು. ಬಿಸಿಲಿಗೆ ಗಟ್ಟಿಯಾದ ರಬ್ಬರು. ಸವಾರಿ ಒರಟು ಅಂತ ಕಾರನ್ನೇ ಬೈಯುವ ಮೊದಲು ಈ ಎರಡನ್ನು ನೋಡಬೇಕು.

ಬೆಟ್ಟ ಶುರುವಾಯಿತು. ಐದು ಜನ ತುಂಬಿದ ಕಾರು ಮೂರನೇ ಗೇರಿನಲ್ಲೇ, ಎರಡು ಸಾವಿರ ಆರ್‌ಪಿಎಮ್‌ನಲ್ಲಿ ಸದ್ದಿಲ್ಲದೆ ಹತ್ತಿತು. ತಿರುವಿನಲ್ಲಿ ಮೈ ವಾಲಲಿಲ್ಲ. ತಮ್ಮನ ಮುಖದಲ್ಲಿ ಎಸ್‌ಎಸ್‌ಎಲ್‌ಸಿ ಪಾಸಾದ ದಿನದ ನಗು. ನನಗೆ ಆಶ್ಚರ್ಯ ಆದದ್ದು ಅಮ್ಮನನ್ನು ನೋಡಿ. ಇಳಿದು ಬಂದಾಗಲೂ ಚೆನ್ನಾಗೇ ಇದ್ದರು. ಕೇಳಿದೆ. "ಸೊಂಟಕ್ಕೆ ಗುದ್ದುತ್ತೆ ಕಣೋ. ಆದ್ರೆ ತಲೆ ತಿರುಗಲ್ಲ" ಅಂದರು.

ವಾಪಸ್ ಬಂದು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದೆವು. ಆಮೇಲೆ ಸಿಯಾಜ್. ಒಳಗೆ ಕೂತ ತಕ್ಷಣ ಮೂವರಿಗೂ ನಿಟ್ಟುಸಿರು. ಅಪ್ಪನ ಸೀಟು ಪೂರ್ತಿ ಹಿಂದೆ ಇದ್ದರೂ ಅಮ್ಮನ ಮಂಡಿ ಮುಂದೆ ಹೆಚ್ಚು ಕಡಿಮೆ ಅರ್ಧ ಗೇಣು ಖಾಲಿ. ಗುಂಡಿಗಳು ಎಲ್ಲಿ ಹೋದವೋ ಗೊತ್ತಾಗಲಿಲ್ಲ. ಇದು 15 ಇಂಚಿನ ಚಕ್ರದ ಕಾರು, ಟೈರು 185/65, ಅಂದ್ರೆ ಅಗಲ 185 ಮಿಲಿಮೀಟರ್, ಪಕ್ಕದ ಗೋಡೆ ಅದರ ಶೇಕಡ 65. ಅಂದ್ರೆ ರಬ್ಬರಿನ ಗೋಡೆಯ ಎತ್ತರ 120 ಮಿಲಿಮೀಟರ್. ರ‍್ಯಾಪಿಡ್‌ನ 195/55 ಟೈರಿನಲ್ಲಿ ಅದು 107. ಅರ್ಧ ಇಂಚು ಹೆಚ್ಚಿನ ರಬ್ಬರು ಗುಂಡಿಗೂ ನಮಗೂ ಮಧ್ಯೆ ಕೂತಿರುತ್ತದೆ.

ಬೆಟ್ಟದಲ್ಲಿ ಕಥೆ ತಿರುಗಿತು. ಮೂರನೇ ಗೇರಿನಲ್ಲಿ ಎಳೆಯದೆ ತಮ್ಮ ಎರಡಕ್ಕೆ ಇಳಿಸಿದ. ಎಂಜಿನ್ ಕೂಗಿತು. ಪ್ರತಿ ತಿರುವಿಗೂ ನಾವು ಮೂವರು ಒಂದು ಸಲ ಬಾಗಿಲ ಕಡೆ, ಒಂದು ಸಲ ಒಬ್ಬರ ಮೇಲೊಬ್ಬರು. ಇಳಿಯುವಾಗ ಅಮ್ಮ ಕಣ್ಣು ಮುಚ್ಚಿಕೊಂಡರು. ನಾಮದ ಚಿಲುಮೆ ಹತ್ತಿರ ನಿಲ್ಲಿಸಿ ಅಂದರು. ತಟ್ಟೆ ಇಡ್ಲಿ ಹೊರಗೆ ಬಂತು.

ನೀರು ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಅವರು ಹೇಳಿದ್ದು: "ತೊಟ್ಟಿಲು ತೂಗಿದ ಹಾಗಿದೆ. ತೊಟ್ಟಿಲು ಮಕ್ಕಳಿಗೆ ಸರಿ."

ತಮ್ಮ ಏನೂ ಮಾತಾಡಲಿಲ್ಲ. ಆದರೆ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ಬರೆದುಕೋ ಅಂತ.

ಎರಡನೇ ಭಾನುವಾರ

ರಾತ್ರಿ ನೋಟ್‌ಬುಕ್ ತೆಗೆದಾಗ ನನ್ನ ಪರೀಕ್ಷೆಯಲ್ಲೇ ಒಂದು ತಪ್ಪು ಕಂಡಿತು. ರ‍್ಯಾಪಿಡ್‌ನಲ್ಲಿ ಅಮ್ಮ ಖಾಲಿ ಹೊಟ್ಟೆ. ಸಿಯಾಜ್‌ನಲ್ಲಿ ಹೊಟ್ಟೆ ತುಂಬ ಇಡ್ಲಿ, ಅದೂ ಒಂದೇ ದಿನ ಎರಡನೇ ಸಲ ಅದೇ ಬೆಟ್ಟ. ಇದು ನ್ಯಾಯ ಅಲ್ಲ. ಮುಂದಿನ ವಾರ ತಿರುಗುಮುರುಗು ಮಾಡೋಣ ಅಂದೆ. ತಮ್ಮ ಗೊಣಗಿದ. ಡೀಲರೂ ಗೊಣಗಿದ. ಬೇರೆ ಪಾರ್ಟಿ ಬಂದಿದ್ದಾರೆ ಅಂತ ದಿನಕ್ಕೆ ಎರಡು ಸಲ ಫೋನು. ಆ 'ಬೇರೆ ಪಾರ್ಟಿ' ಎಲ್ಲ ಡೀಲರುಗಳ ಹತ್ತಿರ ಸದಾ ಬಂದೇ ಇರುತ್ತಾರೆ.

ಎರಡನೇ ವಾರ ಮೊದಲು ಸಿಯಾಜ್. ಅಮ್ಮನಿಗೆ ಬರೀ ಒಂದು ಲೋಟ ಕಾಫಿ. ಹತ್ತುವಾಗ ಪರವಾಗಿಲ್ಲ, ಇಳಿಯುವಾಗ ಮತ್ತೆ ಮುಖ ಬಿಳಿಚಿಕೊಂಡಿತು. ವಾಂತಿ ಆಗಲಿಲ್ಲ, ಆದರೆ ಆಗುವ ಹಾಗಿತ್ತು. ಅದೇ ನಾಮದ ಚಿಲುಮೆ ಹತ್ತಿರ ನಿಲ್ಲಿಸಿದೆವು.

ಆಗ ತಮ್ಮನ ಹೆಂಡತಿ ಕೆಳಗಿಳಿದು ಮುಂದಿನ ಬಾಗಿಲು ತೆಗೆದಳು. "ಮಾವ, ಸ್ವಲ್ಪ ಹೊತ್ತು ಹಿಂದೆ ಕೂತ್ಕೊಳ್ತೀರಾ? ಅತ್ತೆ ಮುಂದೆ ಕೂರಲಿ."

ಅಪ್ಪ ಒಂದು ಕ್ಷಣ ಅವಳನ್ನೇ ನೋಡಿದರು. ಆಮೇಲೆ ನನ್ನನ್ನು, ನಾನೇ ಹೇಳಿಕೊಟ್ಟೆ ಅನ್ನುವ ಹಾಗೆ. ನಾನು ಮರ ನೋಡುತ್ತಿದ್ದೆ. ಕೊನೆಗೆ ಇಳಿದರು. ಅಮ್ಮ ಕುಳ್ಳಗಿದ್ದಾರೆ, ಐದಡಿ ಇರಬಹುದು. ಮುಂದಿನ ಸೀಟನ್ನು ಮುಂದಕ್ಕೆ ಸರಿಸಿದರೂ ಅವರ ಮಂಡಿ ಎಲ್ಲೂ ತಾಗಲಿಲ್ಲ. ಹಿಂದೆ ಕೂತ ಅಪ್ಪ ಮೊದಲು ಕಾಲು ಮಡಿಸಿಯೇ ಇಟ್ಟುಕೊಂಡರು, ಸಿಟ್ಟಿಗೆ. ಒಂದು ಕಿಲೋಮೀಟರ್ ಆದ ಮೇಲೆ ಮೆಲ್ಲಗೆ ಎಡಗಾಲು ಚಾಚಿದರು. ಇನ್ನೂ ಚಾಚಿದರು. ಪಾದ ಮುಂದಿನ ಸೀಟಿನ ಕೆಳಗೆ ಹೋಯಿತು. ಮೊಣಕಾಲು ನೀಟಾಗಿ ನಿಂತಿತು. "ಇಲ್ಲಿ ಸೀಟು ಅಗಲ ಇದೆ" ಅಂದರು, ಯಾರಿಗೆ ಅಂತಿಲ್ಲದೆ.

ಅಮ್ಮನ ತಲೆಸುತ್ತು ನಿಂತೇಹೋಯಿತು. ಇದರಲ್ಲಿ ಮ್ಯಾಜಿಕ್ ಏನೂ ಇಲ್ಲ. ಕಿವಿಯೊಳಗಿನ ಸಮತೋಲನದ ಅಂಗ ತಿರುಗುತ್ತಿದ್ದೇವೆ ಅನ್ನುತ್ತದೆ, ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಿರುವ ಕಣ್ಣು ಇಲ್ಲ ಅನ್ನುತ್ತದೆ. ಆ ಜಗಳವೇ ವಾಕರಿಕೆ. ಮುಂದೆ ಕೂತು ರಸ್ತೆ ನೋಡಿದರೆ ಎರಡೂ ಒಂದೇ ಮಾತು ಹೇಳುತ್ತವೆ. ಕಾರು ಓಡಿಸುವವನಿಗೆ ವಾಂತಿ ಬರದಿರೋದೂ ಅದಕ್ಕೇ.

ರ‍್ಯಾಪಿಡ್‌ನಲ್ಲೂ ಅದೇ ದಿನ ಇದನ್ನೇ ಮಾಡಿ ನೋಡಿದೆವು. ಅಮ್ಮ ಮುಂದೆ, ಅಪ್ಪ ಹಿಂದೆ. ಅಪ್ಪನ ಕಾಲು ಚಾಚಲು ಜಾಗ ಸಾಲಲಿಲ್ಲ. ಸೀಟನ್ನು ಇನ್ನೂ ಮುಂದಕ್ಕೆ ಎಳೆದರೆ ಅಮ್ಮ ಡ್ಯಾಶ್‌ಬೋರ್ಡಿಗೆ ಅಂಟಿಕೊಳ್ಳಬೇಕು. ಏರ್‌ಬ್ಯಾಗ್‌ಗೆ ಅಷ್ಟು ಹತ್ತಿರ ಯಾರನ್ನೂ ಕೂರಿಸಬಾರದು. ಹೀಗಾಗಿ ಅದರಲ್ಲಿ ಅಪ್ಪನಿಗೆ ಮುಂದಿನ ಸೀಟು ಒಂದೇ ದಾರಿ. ಅಪ್ಪ ಮುಂದೆ ಅಂದಮೇಲೆ ಅಮ್ಮ ಹಿಂದೆ, ಎರಡು ಬೆರಳು ಜಾಗದಲ್ಲಿ. ಬೆಂಗಳೂರಿಗೆ ಎರಡು ಗಂಟೆ.

ಅವತ್ತು ನನಗೆ ವಿಷಯ ಅರ್ಥವಾಯಿತು. ಕುಳಿತ ಜಾಗದಲ್ಲೇ ಕುಳಿತರೆ ಎರಡು ಕಾರಿನಲ್ಲೂ ಯಾರೋ ಒಬ್ಬರಿಗೆ ಕಷ್ಟವೇ. ಮೆತ್ತಗೆ, ಗಟ್ಟಿ ಅನ್ನುವ ವಾದ ಅಲ್ಲಿಗೆ ಸಮ ಸಮ. ಆ ನಾಲ್ಕು ಇಂಚು ಜಾಸ್ತಿ ಇದ್ದದ್ದರಿಂದ ಸಿಯಾಜ್‌ನಲ್ಲಿ ಜನ ಜಾಗ ಬದಲಿಸಿಕೊಳ್ಳಬಹುದಿತ್ತು. ರ‍್ಯಾಪಿಡ್‌ನಲ್ಲಿ ಆಗುತ್ತಿರಲಿಲ್ಲ. ನಮ್ಮ ಮನೆಗೆ ಬೇಕಾಗಿದ್ದದ್ದು ಅದು. ಹಿಂದಿನ ಸೀಟು ದೊಡ್ಡದಿದ್ದರೆ ಕಾಲು ಚಾಚಬಹುದು ಅಂತ ಎಲ್ಲರೂ ಹೇಳುತ್ತಾರೆ. ಅಪ್ಪ ಹಿಂದೆ ಕೂರಲು ಒಪ್ಪುತ್ತಾರಾ ಅಂತ ಯಾರೂ ಕೇಳುವುದಿಲ್ಲ, ಅಲ್ವಾ?

ತಮ್ಮನಿಗೆ ನಾನು ಏನೂ ಹೇಳಬೇಕಾಗಲಿಲ್ಲ. ಸಂಜೆ ಅವನೇ ಹೋಗಿ ಡೀಲರ್ ಹತ್ತಿರ ಮುಂಗಡ ವಾಪಸ್ ಕೇಳಿದ. ಇಪ್ಪತ್ತರಲ್ಲಿ ಹದಿನೆಂಟು ಬಂತು. ಎರಡು ಸಾವಿರ 'ಪೆಟ್ರೋಲ್ ಚಾರ್ಜು'.

ಒಂದು ವರ್ಷದ ಮೇಲೆ

ನಾವು ಕೊಂಡ ಎರಡು ತಿಂಗಳಿಗೆ, ಏಪ್ರಿಲ್‌ನಲ್ಲಿ, ಸಿಯಾಜ್ ಮಾಡೆಲನ್ನೇ ಕಂಪನಿ ನಿಲ್ಲಿಸಿತು. ಅದು ಮೊದಲು ಮಾರುಕಟ್ಟೆಗೆ ಬಂದಿದ್ದು 2014ರಲ್ಲಿ. ಆಫೀಸಿನಲ್ಲಿ ತಮ್ಮನನ್ನು ಒಂದು ವಾರ ರೇಗಿಸಿದರು. ಅವನ ಉತ್ತರ ಸಿದ್ಧ ಇತ್ತು. ರ‍್ಯಾಪಿಡ್ ನಿಂತು ಆಗಲೇ ಮೂರು ವರ್ಷ ಮೇಲಾಗಿತ್ತು.

ಕಷ್ಟ ಇಲ್ಲ ಅಂತಲ್ಲ. ಊರಿನ ದಾರಿಯಲ್ಲಿ ಎರಡು ಹಂಪ್ ಇವೆ, ಯಾರೋ ಮನೆ ಕಟ್ಟಿ ಉಳಿದ ಕಾಂಕ್ರೀಟಿನಲ್ಲಿ ಹಾಕಿದ ಹಾಗಿವೆ. ಡಿಕ್ಕಿಯಲ್ಲಿ ನೂರು ಕಾಯಿ, ಒಳಗೆ ಐದು ಜನ ಇದ್ದರೆ ಕಾರಿನ ಹೊಟ್ಟೆ ಕೆರೆಯುತ್ತದೆ. ಹಂಪ್ ಬಂದಾಗ ತಮ್ಮನ ಹೆಂಡತಿ, ಮಗು ಇಳಿದು ನಡೆಯುತ್ತಾರೆ. ಮಗುವಿಗೆ ಅದು ಆಟ. ಬರುವಾಗ ಕಾಯಿ ಮೂಟೆಯನ್ನು ಡಿಕ್ಕಿಯ ಹಿಂಬದಿಗೆ ಇಡದೆ ಸೀಟಿಗೆ ಒತ್ತಿ ಇಟ್ಟರೆ ಸ್ವಲ್ಪ ಪರವಾಗಿಲ್ಲ.

ತಮ್ಮ ಓಡಿಸುವ ರೀತಿ ಬದಲಾಗಿದೆ. ಸಿಂಗಲ್ ರೋಡಿನಲ್ಲಿ ಲಾರಿಯನ್ನು ಹಿಂದಕ್ಕೆ ಹಾಕಬೇಕಾದರೆ ಮೊದಲೇ ಗೇರು ಇಳಿಸಿ ಕಾಯುತ್ತಾನೆ, ಇಲ್ಲವಾದರೆ ಬಿಟ್ಟುಬಿಡುತ್ತಾನೆ. ತಿರುವಿಗೆ ಮುಂಚೆಯೇ ಬ್ರೇಕು ಹಿಡಿದು ನಿಧಾನಕ್ಕೆ ತಿರುಗಿಸುತ್ತಾನೆ. ಹಾಗೆ ಓಡಿಸಿದರೆ ತೊಟ್ಟಿಲು ಅಷ್ಟು ತೂಗುವುದಿಲ್ಲ. ದಾಬಸ್‌ಪೇಟೆ ದಾರಿಯಲ್ಲಿ ಖುಷಿ ಇದೆಯಾ ಅಂತ ಕೇಳಿದೆ. "ಇಲ್ಲ. ಸುಸ್ತೂ ಇಲ್ಲ" ಅಂದ. ಆ ಉತ್ತರದಲ್ಲಿ ಎಷ್ಟು ಬೇಜಾರು, ಎಷ್ಟು ಸಮಾಧಾನ ಅಂತ ನನಗೆ ಇನ್ನೂ ಗೊತ್ತಾಗಿಲ್ಲ.

ಮುಂದಿನ ಸೀಟು ಈಗ ಅಮ್ಮನದು. ಹಿಂದಿನ ಎಡ ಸೀಟು ಅಪ್ಪನದು. ಅಲ್ಲಿಂದಲೇ "ಮೂರಕ್ಕೆ ಹಾಕು, ಮೂರಕ್ಕೆ" ಅಂತ ಹೇಳುತ್ತಿರುತ್ತಾರೆ.

ಈಗ ಹೊಸ ವಿಷಯ ಶುರುವಾಗಿದೆ. ಟೈರು ಬದಲಿಸುವ ಕಾಲ ಬಂದಿದೆ. ತಮ್ಮ ಫೋನಿನಲ್ಲಿ 16 ಇಂಚಿನ ಕಪ್ಪು ಅಲಾಯ್ ಚಕ್ರದ ಫೋಟೋ ತೋರಿಸಿದ, ಜೊತೆಗೆ 195/55 ಟೈರು. ಮೇಲಿನ ಮಾಡೆಲ್ ಸಿಯಾಜ್‌ಗೆ ಕಂಪನಿಯೇ ಇದನ್ನು ಹಾಕುತ್ತಿತ್ತು, ತಪ್ಪೇನಿಲ್ಲ ಅಂತ ವಾದ. ನಾನು 120 ಮತ್ತು 107 ಇರುವ ಪುಟ ತೆಗೆದು ತೋರಿಸಿದೆ. ಅವನ ಹೆಂಡತಿ ಅಪ್ಪನ ಕಡೆ ನೋಡಿದಳು. ಅಪ್ಪ ಪೇಪರು ಓದುತ್ತಿದ್ದರು. ಭಾನುವಾರ ಟೈರ್ ಅಂಗಡಿಗೆ ಅವರೂ ಬರುತ್ತಾರಂತೆ.